ಬುದ್ಧಿಪರೀಕ್ಷೆಯೂ ಕೃತಕಲೋಕವೂ

ಮನುಷ್ಯನ ಬುದ್ಧಿಯನ್ನು ಮನುಷ್ಯನು ಅಳೆಯಬಲ್ಲನೇ, ಅಳೆಯಬಲ್ಲನಾದರೆ ಹಾಗೆ ಅಳೆದು ಬಂದ ಮಾನವನ್ನು ಒಂದು ಮಗುವಿನ ಹೆಸರಿನ ಮುಂದೆ ಬರೆದಿಡುವ ಅಧಿಕಾರವು ಅವನಿಗುಂಟೇ ಎಂಬ ಪ್ರಶ್ನೆಯು ಹೊಸದಲ್ಲ. ಮೂವತ್ತನಾಲ್ಕು ವರ್ಷಗಳ ಕಾಲ ಹಳ್ಳಿಯ ಶಾಲೆಗಳಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ, ಉಪಾಧ್ಯಾಯರ ಕೊರತೆಯಿದ್ದ ಕಡೆಗಳಲ್ಲಿ ಲೆಕ್ಕವನ್ನೂ ಹೇಳಿಕೊಟ್ಟ ನನಗೆ ಅದು ಪ್ರತಿ ವರ್ಷವೂ ಮಾರ್ಚಿ ತಿಂಗಳಿನಲ್ಲಿ ಎದುರಾಗುತ್ತಿದ್ದಿತು, ಏಪ್ರಿಲಿನಲ್ಲಿ ಮರೆತುಹೋಗುತ್ತಿದ್ದಿತು. ನಿವೃತ್ತನಾದ ಬಳಿಕ ಅದನ್ನು ಮತ್ತೆ ನನ್ನೆದುರಿಗೆ ತಂದಿಟ್ಟವಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು.

ಆಕೆಯು ಬೆಂಗಳೂರಿನಲ್ಲಿ ಕಂಪ್ಯೂಟರಿನ ಉದ್ಯೋಗದಲ್ಲಿರುವಳು. ಕಳೆದ ದೀಪಾವಳಿಗೆ ಊರಿಗೆ ಬಂದಿದ್ದವಳು ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಲ್ಯಾಪ್‌ಟಾಪನ್ನು ತೆರೆದು, "ಮೇಷ್ಟ್ರೇ, ಇದನ್ನು ಸ್ವಲ್ಪ ಆಡಿ ನೋಡಿ" ಎಂದಳು. ತೆರೆಯ ಮೇಲೆ ಒಂದು ಹಳ್ಳಿ, ಹಳ್ಳಿಗೊಂದು ಕೆರೆ, ಕೆರೆಗೆ ಮೂರು ತೂಬು, ಕೆಳಗೆ ಗದ್ದೆಗಳು. ಮಳೆಯು ಬಂದರೆ ಬಂದಿತು, ಇಲ್ಲದಿದ್ದರೆ ಇಲ್ಲ. ಯಾವ ತೂಬನ್ನು ಎಷ್ಟು ಎತ್ತಬೇಕು, ಯಾವ ಬೆಳೆಯನ್ನು ಇಡಿಸಬೇಕು, ಊರಿನ ಹಣವನ್ನು ಯಾವುದಕ್ಕೆ ವೆಚ್ಚ ಮಾಡಬೇಕು ಎಂಬುದೆಲ್ಲವೂ ಆಡುವವನ ಇಚ್ಛೆ. ಹತ್ತು ವರ್ಷಗಳ ಕಾಲವು ನಲವತ್ತು ನಿಮಿಷಗಳಲ್ಲಿ ಕಳೆಯುವುದು. ನಾನು ಉದಾರನಾಗಿ ಎಲ್ಲರಿಗೂ ಕೇಳಿದಷ್ಟು ನೀರು ಬಿಟ್ಟೆನು. ಮೂರನೆಯ ವರ್ಷಕ್ಕೆ ಸರಿಯಾಗಿ ನನ್ನ ಕೆರೆಯು ಬತ್ತಿ, ಜನರು ಗುಳೆ ಹೊರಟರು. "ನೀವು ಒಮ್ಮೆಯಾದರೂ ಹೂಳೆತ್ತಿಸಲಿಲ್ಲವಲ್ಲ ಮೇಷ್ಟ್ರೇ" ಎಂದು ಆಕೆಯು ನಕ್ಕಳು. ನಾನು ಒತ್ತಿದ ಒಂದೊಂದು ಗುಂಡಿಯನ್ನೂ, ಒತ್ತದೆ ಸುಮ್ಮನೆ ಕುಳಿತ ಒಂದೊಂದು ಕ್ಷಣವನ್ನೂ ಯಂತ್ರವು ಬರೆದಿಟ್ಟುಕೊಂಡಿದ್ದಿತು.

ಬಳಿಕ ಆಕೆಯು ನಗುವನ್ನು ಬಿಟ್ಟು ಕೇಳಿದ ಮಾತು ಇದು: "ಶಾಲೆಯ ಮಕ್ಕಳ ಬುದ್ಧಿಯನ್ನು ಪರೀಕ್ಷಿಸುವುದಕ್ಕೆ ಇದನ್ನು ಮಾಡುತ್ತಿದ್ದೇವೆ. ಆಡಿದ ಮಗುವಿನ ಬುದ್ಧಿ ಇಷ್ಟು ಎಂದು ಕೊನೆಗೆ ಒಂದು ಅಂಕಿ ಕೊಡಬೇಕು ಎನ್ನುತ್ತಾರೆ. ಕೊಡಬಹುದೇ ಮೇಷ್ಟ್ರೇ?" ಆ ದಿನ ನನಗೆ ಉತ್ತರವು ಹೊಳೆಯಲಿಲ್ಲ. ಈ ಲೇಖನವು ಆ ಉತ್ತರದ ಪ್ರಯತ್ನವು. ಆಂಗ್ಲಭಾಷೆಯಲ್ಲಿ ಸಿಮ್ಯುಲೇಶನ್ ಎಂದು ಹೆಸರುಗೊಂಡಿರುವ ಇಂತಹ ರಚನೆಯನ್ನು ನಾನು ಇಲ್ಲಿ ಕೃತಕಲೋಕವೆಂದು ಕರೆಯುವೆನು.

ಮೊದಲು ಪರೀಕ್ಷೆಯ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡೋಣ. ಮಿಥಿಲೆಯ ಪಂಡಿತರಲ್ಲಿದ್ದ ಶಲಾಕಾಪರೀಕ್ಷೆಯ ವಿಚಾರವನ್ನು ನಮ್ಮ ಪಾಠಶಾಲೆಯ ಗುರುಗಳು ಆಗಾಗ ಹೇಳುತ್ತಿದ್ದರು. ಗ್ರಂಥದ ಗರಿಗಳ ಕಟ್ಟಿಗೆ ಒಂದು ಶಲಾಕೆಯನ್ನು ಚುಚ್ಚುವುದು. ಅದರ ಮೊನೆಯು ಯಾವ ಗರಿಯಲ್ಲಿ ನಿಂತಿತೋ ಆ ಗರಿಯ ವಿಷಯವನ್ನು ಶಿಷ್ಯನು ವಿವರಿಸುವುದು. ಯಾವ ಭಾಗವು ಬರುವುದೆಂದು ಗುರುವಿಗೂ ತಿಳಿಯದು, ಶಿಷ್ಯನಿಗೂ ತಿಳಿಯದು. ಆದುದರಿಂದ ಅದರಲ್ಲಿ ಪಕ್ಷಪಾತಕ್ಕೆ ಎಡೆಯಿಲ್ಲ. ಆದರೆ ಅದು ವಿದ್ಯೆಯ ಪರೀಕ್ಷೆಯೇ ಹೊರತು ಬುದ್ಧಿಯ ಪರೀಕ್ಷೆಯಲ್ಲ. ಕಲಿತುದನ್ನು ಹೇಳುವುದು ಬೇರೆ, ಕಲಿಯದಿದ್ದುದನ್ನು ಎದುರಿಸುವುದು ಬೇರೆ.

ಈ ಎರಡನೆಯದನ್ನು ಅಳೆಯುವ ಪ್ರಯತ್ನವು ಕಳೆದ ಶತಮಾನದ ಆದಿಯಲ್ಲಿ ಪ್ರಾರಂಭವಾಯಿತು. ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್ ಎಂಬವರು 1904ರಲ್ಲಿ, ಒಂದು ವಿಷಯದಲ್ಲಿ ಮುಂದಿರುವ ಮಕ್ಕಳು ಸಾಮಾನ್ಯವಾಗಿ ಇತರ ವಿಷಯಗಳಲ್ಲಿಯೂ ಮುಂದಿರುವರೆಂಬುದನ್ನು ಗಣಿತದಿಂದ ತೋರಿಸಿ, ಇವೆಲ್ಲದರ ಹಿಂದೆ ಸಾಮಾನ್ಯಬುದ್ಧಿಯೊಂದು ಇರುವುದೆಂದು ಪ್ರತಿಪಾದಿಸಿದರು. ಮರುವರ್ಷ ಪ್ಯಾರಿಸಿನಲ್ಲಿ ಆಲ್ಫ್ರೆಡ್ ಬಿನೆಯವರು ಥಿಯೊಡೋರ್ ಸಿಮೋನರೊಡನೆ ಮೂವತ್ತು ಪ್ರಶ್ನೆಗಳ ಮಾಪಕವನ್ನು ರಚಿಸಿದರು. ಶಾಲೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ಬೇಕಾದ ವಿಶೇಷ ಶಿಕ್ಷಣವನ್ನು ಕೊಡುವುದೇ ಬಿನೆಯವರ ಉದ್ದೇಶವು. ಬುದ್ಧಿಯು ಹೆಚ್ಚಿಸಲಾಗದ ಸ್ಥಿರವಸ್ತುವೆಂಬ ಮಾತನ್ನು ಅವರು ಖಂಡಿಸಿದ್ದರು. ಆದರೆ ಅದೇ ಮಾಪಕವು ಅಮೆರಿಕೆಗೆ ಹೋಗಿ, 1911ರಲ್ಲಿ ಅವರು ತೀರಿಕೊಂಡ ಮೇಲೆ, ಹಡಗಿನಿಂದ ಆಗತಾನೇ ಇಳಿದ ಬಡ ವಲಸೆಗಾರರನ್ನು ಮಂದಬುದ್ಧಿಗಳೆಂದು ವಿಂಗಡಿಸುವುದಕ್ಕೆ ಬಳಕೆಯಾಯಿತು. ಕೈನೀಡಿ ಎತ್ತುವುದಕ್ಕೆಂದು ಮಾಡಿದ ಉಪಕರಣವು ಬಾಗಿಲು ಮುಚ್ಚುವ ಅಗುಳಿಯಾದುದು ಹೀಗೆ.

ನಮ್ಮ ನಾಡಿಗೂ ಈ ಚರಿತ್ರೆಯಲ್ಲಿ ಒಂದು ಸ್ಥಾನವುಂಟು. ವಿ. ವಿ. ಕಾಮತರು ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಬಿನೆಯವರ ಮಾಪಕವನ್ನು ತಿದ್ದಿ ಅಳವಡಿಸಿ, ಆ ಕಾರ್ಯದ ವಿವರವನ್ನು 1934ರಲ್ಲಿಯೂ, ವಿಸ್ತಾರವಾದ ಗ್ರಂಥವನ್ನು 1940ರಲ್ಲಿಯೂ ಪ್ರಕಟಿಸಿದರು. ಪ್ಯಾರಿಸಿನ ಮಗುವಿಗೆ ಹಾಕಿದ ಪ್ರಶ್ನೆಯನ್ನು ಧಾರವಾಡದ ಮಗುವಿಗೆ ಹಾಗೆಯೇ ಹಾಕಲಾಗದೆಂಬುದನ್ನು ಅವರು ಅಂದೇ ಕಂಡುಕೊಂಡಿದ್ದರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಇನ್ನು ಕೃತಕಲೋಕದ ವಿಚಾರ. ಕಾಗದದ ಮೇಲಿನ ಪ್ರಶ್ನೆಯು ಜಡವಾದುದು. ನಾವು ಉತ್ತರವನ್ನು ಬರೆದರೂ ಅದು ಇದ್ದಂತೆಯೇ ಇರುವುದು. ಬಾಳಿನ ಸಮಸ್ಯೆಯಾದರೋ ನಾವು ಮುಟ್ಟಿದೊಡನೆ ಬದಲಾಗುವುದು, ಮುಟ್ಟದೆ ಬಿಟ್ಟರೂ ಬದಲಾಗುವುದು. ಈ ಭೇದವನ್ನು ಮನಗಂಡ ಜರ್ಮನಿಯ ಡೀಟ್ರಿಚ್ ಡೋರ್ನರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಸಹೋದ್ಯೋಗಿಗಳೊಡನೆ ಕಂಪ್ಯೂಟರಿನೊಳಗೆ ಲೋಹೌಸನ್ ಎಂಬ ಕಲ್ಪಿತ ಪಟ್ಟಣವೊಂದನ್ನು ಕಟ್ಟಿದರು. ಅದಕ್ಕೊಂದು ಗಡಿಯಾರದ ಕಾರ್ಖಾನೆ, ಮನೆಗಳು, ಶಾಲೆಗಳು, ತೆರಿಗೆಗಳು. ಒಂದರೊಡನೊಂದು ಹೆಣೆದುಕೊಂಡ ಎರಡು ಸಾವಿರದಷ್ಟು ಅಂಶಗಳು. 48 ಮಂದಿ ಒಬ್ಬೊಬ್ಬರಾಗಿ ಆ ಪಟ್ಟಣಕ್ಕೆ ಪುರಾಧ್ಯಕ್ಷರಾಗಿ ಹತ್ತು ವರ್ಷಗಳ ಆಡಳಿತವನ್ನು ನಡೆಸಿದರು. ಊರು ಸುಖವಾಗಿರುವಂತೆ ನೋಡಿಕೊಳ್ಳಿರೆಂಬುದಷ್ಟೇ ಅವರಿಗಿದ್ದ ಆಜ್ಞೆ.

1983ರಲ್ಲಿ ಪ್ರಕಟವಾದ ಇದರ ಫಲಿತಾಂಶವು ವಿದ್ವಾಂಸರನ್ನು ಚಕಿತಗೊಳಿಸಿತು. ಸಾಮಾನ್ಯ ಬುದ್ಧಿಪರೀಕ್ಷೆಯಲ್ಲಿ ಪಡೆದ ಅಂಕಿಗೂ ಪಟ್ಟಣವನ್ನು ಆಳಿದ ಬಗೆಗೂ ಸಂಬಂಧವು ಕಾಣಲಿಲ್ಲ. ಚೆನ್ನಾಗಿ ಆಳಿದವರು ಏಕೆ ಹೀಗಾಯಿತೆಂದು ಹೆಚ್ಚಾಗಿ ಕೇಳಿದವರು. ತಮ್ಮ ಊಹೆಯನ್ನು ಪರೀಕ್ಷಿಸಿ ನೋಡಿದವರು. ಕೆಟ್ಟುಹೋದವರು ಊಹೆಯನ್ನೇ ಸತ್ಯವೆಂದು ನಂಬಿದವರು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಮತ್ತೊಂದಕ್ಕೆ ಹಾರಿದವರು, ಇಲ್ಲವೇ ತಮಗೆ ಪ್ರಿಯವಾದ ಒಂದೇ ಮೂಲೆಯಲ್ಲಿ ಕುಳಿತು ಉಳಿದುದನ್ನು ಮರೆತವರು. ಟಾನಾಲ್ಯಾಂಡ್ ಎಂಬ ಅವರ ಮತ್ತೊಂದು ಕಲ್ಪಿತ ದೇಶದಲ್ಲಿ, ಹನ್ನೆರಡು ಮಂದಿ ಆಡಿದವರ ಪೈಕಿ ಬಹುತೇಕರು ಒಳ್ಳೆಯ ಮನಸ್ಸಿನಿಂದಲೇ ಆಹಾರವನ್ನೂ ವೈದ್ಯೋಪಚಾರವನ್ನೂ ಹೆಚ್ಚಿಸಿದರು; ಜನಸಂಖ್ಯೆಯು ಏರಿತು; ಆಹಾರವು ಅದರ ಸಮಕ್ಕೆ ಏರದೆ ಕ್ಷಾಮವು ತಲೆದೋರಿತು. ನನ್ನ ಕೆರೆಯು ಬತ್ತಿದುದಕ್ಕೆ ಇವರಿಂದ ನನಗೆ ಸ್ವಲ್ಪ ಸಮಾಧಾನವಾಯಿತೆಂಬುದನ್ನು ಮರೆಮಾಚುವುದಿಲ್ಲ.

ಆದರೆ ಆಕ್ಷೇಪಣೆಗಳೂ ಬಂದವು. ಒಬ್ಬನು ಒಂದೇ ಲೋಕವನ್ನು ಒಂದೇ ಬಾರಿ ಆಳಿದುದರಿಂದ ಏನನ್ನು ನಿಶ್ಚಯಿಸಬಹುದು? ಸುಖವೆಂದರೇನೆಂದು ಹೇಳದೆಯೇ ಸುಖವನ್ನು ಉಂಟುಮಾಡೆಂದರೆ ಹೇಗೆ? ಗುರಿಯನ್ನೂ ಒಳಸಂಬಂಧಗಳನ್ನೂ ಸ್ಪಷ್ಟಪಡಿಸಿ ಆಡಿಸಿದಾಗ, ಬುದ್ಧಿಪರೀಕ್ಷೆಯ ಅಂಕಿಗೂ ಸಾಫಲ್ಯಕ್ಕೂ ನಂಟು ಮತ್ತೆ ತೋರಿಬಂದಿತು. ಆದುದರಿಂದ ಜೋಆಖಿಮ್ ಫುಂಕೆ, ಸಾಮ್ಯುಯೆಲ್ ಗ್ರೈಫ್ ಮೊದಲಾದ ಮುಂದಿನವರು ಒಂದು ದೊಡ್ಡ ಲೋಕದ ಬದಲು ಅನೇಕ ಪುಟ್ಟ ಲೋಕಗಳನ್ನು ರಚಿಸಿದರು. ಒಂದೊಂದೂ ಕೆಲವೇ ನಿಮಿಷಗಳದು. ಎರಡು ಮೂರು ಹಿಡಿಗಳು, ಎರಡು ಮೂರು ಫಲಗಳು.

ಈ ಬಗೆಯ ಪರೀಕ್ಷೆಯು 2012ರಲ್ಲಿ ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯನ್ನು ಪ್ರವೇಶಿಸಿತು. 44 ದೇಶ ಪ್ರಾಂತಗಳ ಹದಿನೈದು ವರ್ಷದ ವಿದ್ಯಾರ್ಥಿಗಳು ಅದನ್ನು ಬರೆದರು. ಭಾರತವು ಅದರಲ್ಲಿ ಸೇರಿರಲಿಲ್ಲ. ಅದರ ಒಂದು ಪ್ರಶ್ನೆಯಲ್ಲಿ ಕೈಪಿಡಿಯಿಲ್ಲದ ಹವಾನಿಯಂತ್ರಣ ಯಂತ್ರವೊಂದಿದ್ದಿತು. ಮೂರು ಹಿಡಿಗಳು, ಅವುಗಳಿಂದ ಕೋಣೆಯ ಶಾಖವೂ ತೇವವೂ ಬದಲಾಗುವುವು, ಯಾವ ಹಿಡಿಯು ಯಾವುದನ್ನು ಬದಲಿಸುವುದೆಂದು ಮಗುವು ಆಡಿಸಿ ಕಂಡುಹಿಡಿಯಬೇಕು. ಚೆನ್ನಾಗಿ ಮಾಡಿದ ಮಕ್ಕಳು ಎರಡು ಹಿಡಿಗಳನ್ನು ಇದ್ದಲ್ಲಿಯೇ ಇಟ್ಟು ಒಂದನ್ನು ಮಾತ್ರ ಸರಿಸಿ ನೋಡುತ್ತಿದ್ದರೆಂದು ಯಂತ್ರದ ದಾಖಲೆಯಿಂದ ತಿಳಿದುಬಂದಿತು. ಇದನ್ನು ಓದಿದಾಗ ನನಗಾದ ಸಂತೋಷವು ಅಷ್ಟಿಷ್ಟಲ್ಲ. ಇದ್ದರೆ ಆಗುವುದು, ಇಲ್ಲದಿದ್ದರೆ ಆಗದು ಎಂದು ಕಾರಣವನ್ನು ನಿಶ್ಚಯಿಸುವ ಅನ್ವಯವ್ಯತಿರೇಕವಲ್ಲದೆ ಇದು ಮತ್ತೇನು! ನಮ್ಮ ಗುರುಗಳು ಬೆಂಕಿಯನ್ನೂ ಹೊಗೆಯನ್ನೂ ಇಟ್ಟುಕೊಂಡು ತಿಂಗಳುಗಟ್ಟಲೆ ಹೇಳಿಕೊಟ್ಟುದನ್ನು, ಶಾಸ್ತ್ರದ ಹೆಸರನ್ನೇ ಕೇಳದ ಮಕ್ಕಳು ಬೆರಳ ತುದಿಯಿಂದ ಮಾಡಿ ತೋರಿದ್ದರು.

ಇದು ಪೂರ್ವಪಕ್ಷದ ಬಲವು. ಇದನ್ನು ನಾನು ಮನಃಪೂರ್ವಕವಾಗಿ ಒಪ್ಪುವೆನು. ಉತ್ತರವನ್ನು ಮಾತ್ರ ನೋಡಿ ಅಂಕವನ್ನು ಹಾಕುತ್ತಿದ್ದ ನಮ್ಮಂತಹವರಿಗೆ ಮಗುವು ಉತ್ತರಕ್ಕೆ ನಡೆದು ಬಂದ ದಾರಿಯು ಎಂದೂ ಕಾಣುತ್ತಿರಲಿಲ್ಲ. ಕೃತಕಲೋಕವು ಆ ದಾರಿಯನ್ನು ತೋರಿಸುವುದು. ಬಾಯಿಪಾಠದ ಪರೀಕ್ಷೆಯನ್ನು ಬಿಟ್ಟು ವಿಮರ್ಶೆಯ ಪರೀಕ್ಷೆಗೆ ಹೊರಳಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿರುವುದರಿಂದ, ಇಂದಲ್ಲದಿದ್ದರೆ ನಾಳೆ ಇದು ನಮ್ಮ ಶಾಲೆಗಳ ಬಾಗಿಲಿಗೂ ಬರುವುದು ಸಹಜ. ಹಾಗಾದರೆ ಅಂಕಿಯನ್ನು ಕೊಡುವುದಕ್ಕೆ ಅಡ್ಡಿಯೇನು?

ಕೃತಕಲೋಕದ ಪರೀಕ್ಷೆಯು ನಮ್ಮವರಿಗೆ ಅಪರಿಚಿತವೇನೂ ಅಲ್ಲ. ಮಹಾಭಾರತದ ಆದಿಪರ್ವದಲ್ಲಿ ದ್ರೋಣರು ಶಿಲ್ಪಿಗಳಿಂದ ಒಂದು ಕೃತಕ ಪಕ್ಷಿಯನ್ನು ಮಾಡಿಸಿ ಮರದ ತುದಿಯಲ್ಲಿ ಇರಿಸಿದ ಕಥೆಯು ಎಲ್ಲರಿಗೂ ತಿಳಿದುದೇ. ಧರ್ಮರಾಜನು ಮರವನ್ನೂ, ತಮ್ಮಂದಿರನ್ನೂ, ಗುರುವನ್ನೂ, ಪಕ್ಷಿಯನ್ನೂ ಕಾಣುತ್ತಿರುವೆನೆಂದನು. ಗುರುಗಳು ಅವನನ್ನು ಗದರಿಸಿ ಹಿಂದಕ್ಕೆ ಕಳುಹಿಸಿದರು. ಅರ್ಜುನನು ಪಕ್ಷಿಯ ತಲೆಯನ್ನು ಮಾತ್ರ ಕಂಡನು, ಗೆದ್ದನು. ಬಿಲ್ವಿದ್ಯೆಗೆ ಇದು ಸರಿಯಾದ ಪರೀಕ್ಷೆಯೇ. ಆದರೆ ಇವರಿಬ್ಬರನ್ನೂ ಲೋಹೌಸನ್ ಪಟ್ಟಣಕ್ಕೆ ಕಳುಹಿಸಿ ನೋಡಿರಿ. ಅಲ್ಲಿ ಒಂದನ್ನೇ ನೋಡುವವನು ಸೋಲುವನು. ಮರವನ್ನೂ ತಮ್ಮಂದಿರನ್ನೂ ಗುರುವನ್ನೂ ಒಟ್ಟಿಗೆ ಕಾಣುವವನು ಉಳಿಯುವನು. ಯಾವ ನೋಟವು ಒಂದು ಲೋಕದಲ್ಲಿ ದೋಷವೋ ಅದೇ ನೋಟವು ಮತ್ತೊಂದರಲ್ಲಿ ಗುಣವು. ಸ್ಪಿಯರ್‌ಮನ್ನರ ಸಾಮಾನ್ಯಬುದ್ಧಿಯು ಇದೆಯೆಂದೇ ಒಪ್ಪೋಣ. ಅದು ಅನೇಕ ಲೋಕಗಳಲ್ಲಿ ಹರಡಿ ತೋರುವ ವಸ್ತುವಾದುದರಿಂದ, ಒಂದೇ ಲೋಕದ ಒಂದೇ ಆಟದಿಂದ ಅದನ್ನು ನಿಶ್ಚಯಿಸುವುದು ನ್ಯಾಯವಲ್ಲ. ಇನ್ನೊಂದು ಮಾತು: ಆ ಮರದ ಕೆಳಗೆ ಏಕಲವ್ಯನು ನಿಂತಿರಲಿಲ್ಲ. ಪರೀಕ್ಷೆಯು ಎಷ್ಟೇ ನಿರ್ದುಷ್ಟವಾಗಿದ್ದರೂ, ಅದರ ಅಂಗಳಕ್ಕೆ ಬರಗೊಡದವನ ವಿಷಯದಲ್ಲಿ ಅದು ಏನನ್ನೂ ಹೇಳಲಾರದು.

ತರ್ಕವನ್ನು ಓದಿದವರಿಗೆ ಲಕ್ಷಣದ ದೋಷಗಳು ಮೂರೆಂಬುದು ಗೊತ್ತು. ಕಪಿಲವರ್ಣವುಳ್ಳದ್ದು ಹಸು ಎಂದರೆ ಬಿಳಿಯ ಹಸುವು ಹೊರಗುಳಿಯುವುದು, ಇದು ಅವ್ಯಾಪ್ತಿ. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಒಳಗೆ ಬರುವುದು, ಇದು ಅತಿವ್ಯಾಪ್ತಿ. ಒಂಟಿ ಗೊರಸುಳ್ಳದ್ದು ಹಸು ಎಂದರೆ ಯಾವ ಹಸುವಿಗೂ ಸಲ್ಲದು, ಇದು ಅಸಂಭವ. ಆಟದ ಅಂಕಿಯು ಬುದ್ಧಿಯ ಲಕ್ಷಣವೆಂಬ ಮಾತನ್ನು ಈ ಒರೆಗಲ್ಲಿಗೆ ಹಚ್ಚೋಣ. ಅಸಂಭವವು ಇಲ್ಲ, ಅಂಕಿಗೂ ಬುದ್ಧಿಗೂ ಏನೋ ಸಂಬಂಧವಿರುವುದು ನಿಜ. ಅತಿವ್ಯಾಪ್ತಿಯು ಉಂಟು, ಮನೆಯಲ್ಲಿ ಕಂಪ್ಯೂಟರುಳ್ಳ ಮಗುವಿನ ಬೆರಳು ಸಲೀಸಾಗಿ ಓಡುವುದು, ಮತ್ತು ಒಂದು ಬಾರಿಗೆ ಒಂದೇ ಹಿಡಿಯನ್ನು ಸರಿಸೆಂಬ ಉಪಾಯವನ್ನು ಟ್ಯೂಷನ್ನಿನವರು ಒಂದು ಸಂಜೆಯಲ್ಲಿ ಕಲಿಸಿಬಿಡುವರು. ಆಗ ಅಂಕಿಯಿದ್ದರೂ ಬುದ್ಧಿಯು ಇರಬೇಕಾದುದಿಲ್ಲ. ಉಳಿದುದು ಅವ್ಯಾಪ್ತಿ. ಇದರ ವಿಷಯದಲ್ಲಿ ನಾನು ನನ್ನದೇ ಆದ ಒಂದು ಅಪರಾಧವನ್ನು ಹೇಳಬೇಕಾಗಿದೆ.

ನಾನು ಕೆಲಸಕ್ಕೆ ಸೇರಿದ ಮೊದಮೊದಲ ವರ್ಷಗಳು. ಏಳನೆಯ ತರಗತಿಯಲ್ಲಿ ನೀರುಗಂಟಿಯ ಮಗನೊಬ್ಬನಿದ್ದನು. ಪರೀಕ್ಷೆಯಲ್ಲಿ ನಾನು ಕೊಟ್ಟ ಲೆಕ್ಕವು ಇದು: ಒಂದು ನಲ್ಲಿಯು ತೊಟ್ಟಿಯನ್ನು ಆರು ಗಂಟೆಗಳಲ್ಲಿಯೂ ಇನ್ನೊಂದು ನಾಲ್ಕು ಗಂಟೆಗಳಲ್ಲಿಯೂ ತುಂಬಿದರೆ, ಎರಡನ್ನೂ ತೆರೆದಾಗ ಎಷ್ಟು ಕಾಲ ಬೇಕು? ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷಗಳೆಂದು ಉಳಿದವರು ಬರೆದರು. ಇವನು ಬಿಳಿಯ ಹಾಳೆಯನ್ನು ಇಟ್ಟನು. ಏಕೆಂದು ಕೇಳಿದುದಕ್ಕೆ, "ತಳದಲ್ಲಿ ಎಷ್ಟು ಸೋರ್ತದೆ ಅಂತ ನೀವು ಬರ್ದಿಲ್ವಲ್ಲ ಮೇಷ್ಟ್ರೇ" ಎಂದನು. ತರಗತಿಯೇ ನಕ್ಕಿತು, ಅವರೊಡನೆ ನಾನೂ ನಕ್ಕೆನು. ವರ್ಷದ ಕೊನೆಗೆ ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ "ಮಂದಬುದ್ಧಿ" ಎಂದು ನನ್ನ ಕೈಯಿಂದಲೇ ಬರೆದೆನು. ಮುಂದಿನ ಜೂನಿನಲ್ಲಿ ಅವನು ಶಾಲೆಗೆ ಬರಲಿಲ್ಲ.

ಎರಡು ವರ್ಷಗಳಾದ ಮೇಲೆ ಮಳೆಯು ಕೈಕೊಟ್ಟು ಕೆರೆಗೆ ಅರ್ಧ ನೀರೂ ಬಾರದಿದ್ದಾಗ, ತಂದೆಯು ಹಾಸಿಗೆ ಹಿಡಿದಿದ್ದುದರಿಂದ ಆ ಹುಡುಗನೇ ತೂಬಿನ ಮೇಲೆ ನಿಂತು ನೀರನ್ನು ಹಂಚಿದನು. ಯಾವ ಗದ್ದೆಯ ಮಣ್ಣು ಎಷ್ಟು ಕುಡಿಯುವುದು, ಯಾವ ಕಾಲುವೆಯಲ್ಲಿ ಎಷ್ಟು ಇಂಗುವುದು, ರಾತ್ರಿ ಬಿಟ್ಟರೆ ಎಷ್ಟು ಉಳಿಯುವುದು ಎಂಬ ಲೆಕ್ಕವೆಲ್ಲವೂ ಅವನ ನಾಲಗೆಯ ತುದಿಯಲ್ಲಿದ್ದಿತು. ಆ ವರ್ಷ ಊರಿನ ಬೆಳೆಯು ಒಣಗಲಿಲ್ಲ. ನಾನು ಏರಿಯ ಮೇಲೆ ನಿಂತು ನೋಡುತ್ತಿದ್ದೆನು. ನನ್ನ ಲೆಕ್ಕದ ತೊಟ್ಟಿಯು ಸೋರುತ್ತಿರಲಿಲ್ಲ, ಏಕೆಂದರೆ ಅದನ್ನು ಕಟ್ಟಿದ ನನಗೆ ಸೋರುವುದರ ವಿಷಯವು ತಿಳಿದಿರಲಿಲ್ಲ. ಪರೀಕ್ಷಕನ ಅರಿವಿಗಿಂತ ಹೆಚ್ಚಿನ ಅರಿವುಳ್ಳ ಮಗುವು ಪರೀಕ್ಷಕನು ಕಟ್ಟಿದ ಲೋಕದಲ್ಲಿ ದಡ್ಡನಾಗಿ ತೋರುವುದು. ತೊಟ್ಟಿಯು ಕಾಗದದ ಮೇಲಿದ್ದರೇನು, ಕಂಪ್ಯೂಟರಿನೊಳಗಿದ್ದರೇನು, ಈ ನ್ಯಾಯವು ಒಂದೇ. ಪ್ಯಾರಿಸಿನ ಪ್ರಶ್ನೆಗಳನ್ನು ಧಾರವಾಡಕ್ಕಾಗಿ ತಿದ್ದಿದ ಕಾಮತರು ಅರಿತಿದ್ದುದನ್ನು, ಹುಡುಗನ ಎದುರಿಗೇ ನಿಂತಿದ್ದ ನಾನು ಅರಿಯದೆ ಹೋದೆನು.

ಇದಿಷ್ಟು ತರ್ಕದ ಮಾತು. ತರ್ಕವನ್ನು ಮೀರಿದ ಇನ್ನೊಂದಿದೆ. ನನ್ನ ವಿದ್ಯಾರ್ಥಿನಿಯು ತನ್ನ ಆಟವನ್ನು ಕೆಲವು ಮಕ್ಕಳಿಂದ ಆಡಿಸಿ ನೋಡಿದಾಗ, ಒಬ್ಬ ಹುಡುಗಿಯು ಪ್ರತಿ ವರ್ಷವೂ ಕಡೆಯ ಗದ್ದೆಗಳಿಗೇ ಮೊದಲು ನೀರನ್ನು ಬಿಟ್ಟಳಂತೆ. ದೂರದ ಕಾಲುವೆಯಲ್ಲಿ ನೀರು ಇಂಗಿಹೋಗಿ ಒಟ್ಟು ಬೆಳೆಯು ಕಡಿಮೆಯಾಯಿತು. ಯಂತ್ರವು ಅವಳಿಗೆ ಕಡಿಮೆ ಅಂಕವನ್ನು ಕೊಟ್ಟಿತು. ಅವಳಿಗೆ ಬುದ್ಧಿಯಿಲ್ಲವೇ? ಒಟ್ಟು ಬೆಳೆಯೇ ಊರಿನ ಸುಖವೆಂದು ನಿಶ್ಚಯಿಸಿದವರು ಯಾರು? ಆಟವನ್ನು ಕಟ್ಟಿದವರು. ಪ್ರತಿಯೊಂದು ಕೃತಕಲೋಕದ ಅಡಿಪಾಯದಲ್ಲಿಯೂ ಯಾವುದು ಒಳ್ಳೆಯದೆಂಬ ನಿರ್ಣಯವೊಂದು ಮೊದಲೇ ಹುದುಗಿರುವುದು. ಅದನ್ನು ಒಪ್ಪದ ಮಗುವನ್ನು ನಾವು ಬುದ್ಧಿಹೀನವೆಂದು ಕರೆದರೆ, ಧರ್ಮದ ವಿವಾದವನ್ನು ಬುದ್ಧಿಯ ಪರೀಕ್ಷೆಯ ವೇಷದಲ್ಲಿ ಗೆದ್ದಂತಾಗುವುದು.

ಹಾಗಾದರೆ ಸಿದ್ಧಾಂತವೇನು? ಆಟವು ಬೇಡವೆಂದು ನಾನು ಹೇಳಲಾರೆನು. ಆದರೆ ಅದನ್ನು ಕಟ್ಟುವವರು ನಾಲ್ಕು ನಿಯಮಗಳನ್ನು ಪಾಲಿಸಬೇಕು. ಒಂದೇ ಲೋಕದಿಂದ ತೀರ್ಮಾನಿಸಬಾರದು. ದ್ರೋಣರೂ ಕೃತಕ ಪಕ್ಷಿಯೊಂದಕ್ಕೇ ನಿಲ್ಲದೆ, ಗಂಗೆಯಲ್ಲಿ ಮೊಸಳೆಯು ತಮ್ಮ ಕಾಲನ್ನು ಹಿಡಿದಾಗ ಬಿಡಿಸಿಕೊಳ್ಳಬಲ್ಲವರಾಗಿದ್ದರೂ ಶಿಷ್ಯರನ್ನೇ ಕೂಗಿದರು. ತನ್ನ ಒಂದೊಂದು ನಡೆಯನ್ನೂ ಯಂತ್ರವು ಬರೆದುಕೊಳ್ಳುತ್ತಿರುವುದೆಂಬುದನ್ನು ಮಗುವಿಗೆ ಮೊದಲೇ ತಿಳಿಸಬೇಕು. ಮರೆಯಲ್ಲಿ ನಿಂತು ನೋಡುವುದು ಗುರುವಿಗೆ ಒಪ್ಪುವ ನಡತೆಯಲ್ಲ. ಆಟವು ಮುಗಿದ ಬಳಿಕ ಹೀಗೇಕೆ ಮಾಡಿದೆಯೆಂದು ಕೇಳಿ, ಉತ್ತರವನ್ನು ಮನುಷ್ಯನೊಬ್ಬನು ಕುಳಿತು ಕೇಳಿಸಿಕೊಳ್ಳಬೇಕು. ಕಡೆಯದಾಗಿ, ಬಂದ ಅಂಕಿಯನ್ನು ಮಗುವಿಗೆ ಮುಂದೆ ಏನನ್ನು ಕಲಿಸಬೇಕೆಂದು ಯೋಚಿಸುವುದಕ್ಕೆ ಬಳಸಬೇಕಲ್ಲದೆ, ಯಾವ ಬಾಗಿಲನ್ನು ಮುಚ್ಚುವುದಕ್ಕೂ ಬಳಸಕೂಡದು. ಈ ಕಡೆಯ ನಿಯಮವನ್ನು ಮುರಿಯುವುದಾದರೆ ಮೊದಲಿನ ಮೂರನ್ನು ಪಾಲಿಸಿಯೂ ಫಲವಿಲ್ಲ.

ಆ ಹುಡುಗನು ಈಗ ನಡುವಯಸ್ಸನ್ನು ದಾಟಿದ ಗೃಹಸ್ಥನು. ಸಂತೆಯಲ್ಲಿ ಕಂಡರೆ ಇಂದಿಗೂ ನನ್ನ ಕೈಚೀಲವನ್ನು ತಾನು ತೆಗೆದುಕೊಂಡು, "ಆರೋಗ್ಯವಾ ಮೇಷ್ಟ್ರೇ" ಎಂದು ಕೇಳಿ ಬಸ್ಸಿನವರೆಗೂ ಬರುವನು. ರಿಜಿಸ್ಟರಿನಲ್ಲಿ ನಾನು ಬರೆದುದನ್ನು ಅವನು ಅಂದು ಓದಿದ್ದನೋ ಇಲ್ಲವೋ ಎಂದು ಕೇಳುವ ಧೈರ್ಯವು ನನಗೆ ಈವರೆಗೂ ಬಂದಿಲ್ಲ. ನನ್ನ ವಿದ್ಯಾರ್ಥಿನಿಗೆ ನಾನು ಬರೆದ ಕಾಗದದಲ್ಲಿ ಈ ಸಂಗತಿಯನ್ನೂ ಬರೆದು, "ಅಮ್ಮಾ, ನಿನ್ನ ಕೆರೆಯ ಆಟದಲ್ಲಿ 'ಇಲ್ಲಿ ಸೋರುವುದಿಲ್ಲವೇ' ಎಂದು ಮಗುವು ಕೇಳುವುದಕ್ಕೆ ಒಂದಿಷ್ಟು ಸ್ಥಳವನ್ನು ಬಿಡು, ಕೇಳಿದ ಮಗುವಿಗೆ ಅಂಕಿಯನ್ನು ಕೊಡುವ ಮೊದಲು ನಿನ್ನ ಕೆರೆಯನ್ನು ಇನ್ನೊಮ್ಮೆ ನೋಡು" ಎಂದಿರುವೆನು. ಉತ್ತರದಲ್ಲಿ ಆಕೆಯು, ಕಾಲುವೆಗಳಲ್ಲಿ ನೀರು ಇಂಗುವ ಪ್ರಮಾಣವನ್ನು ಸರಿಯಾಗಿ ತಿಳಿದುಕೊಳ್ಳಬೇಕಾಗಿದೆಯೆಂದೂ, ಆ ನೀರುಗಂಟಿಯ ಮಗನನ್ನು ಕಂಡು ಮಾತನಾಡುವುದಕ್ಕೆ ಯುಗಾದಿಗೆ ಬರುವೆನೆಂದೂ ಬರೆದಿರುವಳು.